ಔಷಧದಾನದಿಂದ ಜ್ಞಾನದಾನಕ್ಕೆ: ಪರದೇಶಗಳಲ್ಲಿ ನೇತ್ರಸೇವೆಯ ಇತಿಹಾಸ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಶ್ರಾವಕನ ಕರ್ತವ್ಯವೆಂದು ನಮ್ಮ ಆಚಾರ್ಯರು ವಿಧಿಸಿದ್ದಾರೆ. ಶ್ರವಣಬೆಳಗೊಳದ ಶಾಸನಗಳಲ್ಲಿ ಶ್ರಾವಕ ಶ್ರಾವಿಕೆಯರನ್ನು ಪ್ರಶಂಸಿಸುವಾಗ ಈ ದಾನಗಳಲ್ಲಿ ಅವರಿಗಿದ್ದ ಸಂತೋಷವನ್ನು ಹೇಳುವುದು ಒಂದು ಸಂಪ್ರದಾಯವೇ ಆಗಿತ್ತು. ಕಾಲ ಬದಲಾದಂತೆ ದಾನದ ರೂಪಗಳೂ ಬದಲಾಗಿವೆ. ವಿಮಾನವೇರಿ ಸಾವಿರಾರು ಮೈಲಿ ದೂರದ ದೇಶಕ್ಕೆ ಹೋಗಿ, ಒಂದೆರಡು ವಾರ ಉಚಿತವಾಗಿ ಶಸ್ತ್ರಚಿಕಿತ್ಸೆ ಮಾಡಿ ಹಿಂದಿರುಗುವ ತಜ್ಞವೈದ್ಯನ ಸೇವೆ ಔಷಧದಾನದ ಹೊಸ ರೂಪವಾಗಿದೆ. ಇಂತಹ ಸೇವಾಯಾತ್ರೆಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ. ಹೋಗುವ ವೈದ್ಯರಲ್ಲಿಯೂ ಅವರಿಗೆ ಧನಸಹಾಯ ಮಾಡುವ ಕುಟುಂಬಗಳಲ್ಲಿಯೂ ಜೈನರಿದ್ದಾರೆ.

ಪೊರೆಯ ಚಿಕಿತ್ಸೆಗೆ ಈ ಪ್ರಸಿದ್ಧಿ ಬಂದುದಕ್ಕೆ ಕಾರಣವುಂಟು. ವರ್ಷಗಟ್ಟಲೆ ಕತ್ತಲೆಯಲ್ಲಿ ಕುಳಿತಿದ್ದವನಿಗೆ ಕೆಲವೇ ನಿಮಿಷಗಳ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳುತ್ತದೆ. ಮರುದಿನ ಕಟ್ಟು ಬಿಚ್ಚಿದಾಗ ಆತನು ಮೊಮ್ಮಗನ ಮುಖವನ್ನು ನೋಡಿ ನಗುವುದನ್ನು ದಾನಿಯೂ ವೈದ್ಯನೂ ಕಣ್ಣಾರೆ ಕಾಣಬಹುದು. ದಾನದ ಫಲ ಇಷ್ಟು ಬೇಗ ಕಾಣುವ ಸೇವೆಗಳು ವಿರಳ. ಆದರೆ ಅಪಾಯವೂ ಈ ಬೇಗದಲ್ಲಿಯೇ ಅಡಗಿದೆ. ಕಟ್ಟು ಬಿಚ್ಚಿದ ದಿನದ ಸಂತೋಷವನ್ನು ಹೊತ್ತು ವೈದ್ಯನು ವಿಮಾನವೇರಿದ ಮೇಲೆ ಆ ಕಣ್ಣಿಗೆ ಏನಾಯಿತು? ಕೀವು ತುಂಬಿದರೆ ನೋಡುವವರಾರು? ಎರಡನೆಯ ಕಣ್ಣಿಗೆ ಪೊರೆ ಬಂದಾಗ ತೆಗೆಯುವವರಾರು? ಪರದೇಶಗಳಲ್ಲಿ ನಡೆದ ನೇತ್ರಸೇವೆಯ ಇತಿಹಾಸವೆಲ್ಲ ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದ ಇತಿಹಾಸವೆಂದು ಹೇಳಬಹುದು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನದ ವಿಶೇಷತೆಯು ನಾಲ್ಕು ಅಂಶಗಳಿಂದ ನಿರ್ಧಾರವಾಗುತ್ತದೆ ಎಂದಿದ್ದಾರೆ. ಅವು ಯಾವುವೆಂದರೆ ದಾನ ಮಾಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ಸ್ವೀಕರಿಸುವ ಪಾತ್ರ. ಈ ಸೂತ್ರವು ಮೂಲತಃ ಮುನಿಗಳಿಗೆ ನೀಡುವ ಆಹಾರದಾನದ ಸಂದರ್ಭದಲ್ಲಿ ವ್ಯಾಖ್ಯಾನಗೊಂಡಿದ್ದರೂ, ಕರುಣಾದಾನವನ್ನು ಅಳೆಯಲು ಇದಕ್ಕಿಂತ ಉತ್ತಮವಾದ ಮಾನದಂಡ ದೊರೆಯುವುದು ಕಷ್ಟ. ಈ ನಾಲ್ಕನ್ನೂ ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಇತಿಹಾಸವನ್ನು ಗಮನಿಸುವುದು ಉಚಿತ.

ಶಸ್ತ್ರವೂ ಅಹಿಂಸೆಯೂ

ಮೊದಲು ಒಂದು ಸಂದೇಹ ನಿವಾರಣೆಯಾಗಬೇಕು. ಕಣ್ಣಿಗೆ ಶಸ್ತ್ರವನ್ನು ತಾಗಿಸುವುದು ಅಹಿಂಸಾಧರ್ಮಕ್ಕೆ ವಿರುದ್ಧವಲ್ಲವೇ ಎಂದು ಸರಳಹೃದಯರು ಕೇಳುವುದುಂಟು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಉತ್ತರವಾಗಬಲ್ಲ ದೃಷ್ಟಾಂತವೊಂದನ್ನು ಕೊಟ್ಟಿದ್ದಾರೆ. ಕರುಣೆಯುಳ್ಳ ವೈದ್ಯನು ಮುನಿಯೊಬ್ಬನ ಹುಣ್ಣನ್ನು ಶಸ್ತ್ರದಿಂದ ಸೀಳಿದಾಗ ನೋವುಂಟಾದರೂ ವೈದ್ಯನಿಗೆ ಪಾಪಬಂಧವಿಲ್ಲ. ಏಕೆಂದರೆ ಆತನ ಭಾವ ನೋವು ಕೊಡುವುದಲ್ಲ, ನೋವನ್ನು ಕಳೆಯುವುದು. ನಮ್ಮ ನಾಡಿನ ಜೈನವೈದ್ಯ ಪರಂಪರೆಗೆ ಈ ವಿವೇಕ ಹೊಸದಲ್ಲ. ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಔಷಧಕ್ಕೆ ಮಾಂಸ ಬೇಕಿಲ್ಲವೆಂದು ವಾದಿಸಿದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವನ್ನು ರಚಿಸಿ, ಮದ್ಯ ಮಾಂಸ ಮಧುಗಳಿಲ್ಲದೆಯೂ ವೈದ್ಯ ಸಾಧ್ಯವೆಂದು ತೋರಿಸಿದರು.

ಆದರೆ ಅದೇ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಮೂಲವಾಗಿ ಗುರುತಿಸುತ್ತದೆ ಎಂಬುದನ್ನು ಮರೆಯಲಾಗದು. ಕರುಣೆಯಿಂದ ಹಿಡಿದ ಶಸ್ತ್ರ ಅಹಿಂಸೆಯಾದರೆ, ಎಚ್ಚರವಿಲ್ಲದೆ ಹಿಡಿದ ಅದೇ ಶಸ್ತ್ರ ಹಿಂಸೆಯಾಗುತ್ತದೆ. ಸದುದ್ದೇಶವೊಂದೇ ಸಾಲದು, ಅದರ ಜೊತೆ ಅಪ್ರಮಾದವೂ ಬೇಕು.

ಕ್ಯಾಂಟನ್ ನಗರದ ಆಸ್ಪತ್ರೆ

ಆಧುನಿಕ ಕಾಲದಲ್ಲಿ ಪರದೇಶದ ನೇತ್ರಸೇವೆಗೆ ಪ್ರಾಚೀನ ಉದಾಹರಣೆಯಾಗಿ ಪೀಟರ್ ಪಾರ್ಕರ್ ಎಂಬ ಅಮೆರಿಕದ ವೈದ್ಯನ ಕಾರ್ಯವನ್ನು ಹೆಸರಿಸಬಹುದು. ಆತನು 1835ರ ನವೆಂಬರ್ ತಿಂಗಳಲ್ಲಿ ಚೀನಾದೇಶದ ಕ್ಯಾಂಟನ್ ನಗರದಲ್ಲಿ ಕಣ್ಣಿನ ಆಸ್ಪತ್ರೆಯೊಂದನ್ನು ತೆರೆದನು. ವಿದೇಶೀಯರನ್ನು ಶಂಕೆಯಿಂದ ಕಾಣುತ್ತಿದ್ದ ಆ ನಗರದಲ್ಲಿ ಮೊದಲ ವರ್ಷದಲ್ಲಿಯೇ 2,000ಕ್ಕೂ ಹೆಚ್ಚು ರೋಗಿಗಳು ಅಲ್ಲಿಗೆ ಬಂದರು. ಪಾರ್ಕರನು ಮತಪ್ರಚಾರಕನೂ ಆಗಿದ್ದನು. ಚಿಕಿತ್ಸೆಯ ಮೂಲಕ ತನ್ನ ಮತಕ್ಕೆ ಬಾಗಿಲು ತೆರೆಯಬೇಕೆಂಬ ಆಶಯ ಆತನಿಗಿತ್ತು. ಪ್ರತಿಫಲದ ಅಪೇಕ್ಷೆಯನ್ನು ದಾನದ ದೋಷವೆಂದು ಎಣಿಸುವ ನಮ್ಮ ದೃಷ್ಟಿಯಿಂದ ಇದು ವಿಚಾರಾರ್ಹ. ಆದರೂ ಆತನ ಕಾರ್ಯದ ಎರಡು ಅಂಶಗಳು ಸ್ಮರಣೀಯವಾಗಿವೆ.

ಮೊದಲನೆಯದು ವಣಿಕ ಸಮಾಜಕ್ಕೆ ವಿಶೇಷವಾಗಿ ರುಚಿಸುವಂಥದು. ಆಸ್ಪತ್ರೆ ನಡೆದ ಕಟ್ಟಡ ಹೌಕ್ವಾ ಎಂದು ವಿದೇಶೀಯರು ಕರೆಯುತ್ತಿದ್ದ ಚೀನೀ ವರ್ತಕನದು. ಆ ಕಾಲದ ಮಹಾಧನಿಕರಲ್ಲೊಬ್ಬನಾದ ಆತನು ಕಾಲಕ್ರಮದಲ್ಲಿ ಅದರ ಬಾಡಿಗೆಯನ್ನೇ ಬಿಟ್ಟುಕೊಟ್ಟನು. ಹೊರಗಿನಿಂದ ಬಂದ ವೈದ್ಯನ ಸೇವೆಗೆ ಒಳಗಿನ ವರ್ತಕನ ಆಶ್ರಯ ದೊರೆತಾಗಲೇ ಅದು ಆ ನೆಲದಲ್ಲಿ ಬೇರು ಬಿಟ್ಟಿತು. ಎರಡನೆಯದು, ಪಾರ್ಕರನು ಚೀನೀ ಯುವಕರಿಗೆ ಚಿಕಿತ್ಸಾಕ್ರಮವನ್ನು ಕಲಿಸಿದನು. ಅವರಲ್ಲಿ ಕ್ವಾನ್ ಆಟೋ ಎಂಬಾತನು ಪೊರೆ ತೆಗೆಯುವುದರಲ್ಲಿ ನಿಪುಣನೆಂದು ಹೆಸರಾದನು. ಪಾರ್ಕರನು ಮುಂದೆ ರಾಜತಾಂತ್ರಿಕ ಕಾರ್ಯಕ್ಕೆ ತೆರಳಿದರೂ ಆಸ್ಪತ್ರೆ ಉಳಿಯಿತು, ಬೆಳೆಯಿತು. ಚೀನಾ ಗಣರಾಜ್ಯದ ನಿರ್ಮಾಪಕನಾದ ಸನ್ ಯಾಟ್‌ಸೆನ್ 1886ರಲ್ಲಿ ವೈದ್ಯವಿದ್ಯೆಯನ್ನು ಕಲಿಯತೊಡಗಿದ್ದು ಅಲ್ಲಿಯೇ.

ಶಿಕಾರಪುರದ ಚಳಿಗಾಲ

ಅಲ್ಪಕಾಲದ ನೇತ್ರಸೇವೆಯ ನಿಜವಾದ ಮಾದರಿ ರೂಪುಗೊಂಡದ್ದು ಅವಿಭಕ್ತ ಭಾರತದಲ್ಲಿ. 1875ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಹೆನ್ರಿ ಹಾಲೆಂಡ್ 1900ರಲ್ಲಿ ಬಲೂಚಿಸ್ಥಾನದ ಕ್ವೆಟ್ಟಾ ನಗರದ ಮಿಷನ್ ಆಸ್ಪತ್ರೆಗೆ ಬಂದರು. ಮರಳುಗಾಡಿನ ಬಿಸಿಲು ಧೂಳುಗಳ ನಡುವೆ ಬಾಳುತ್ತಿದ್ದ ಜನರಲ್ಲಿ ಕುರುಡುತನ ವ್ಯಾಪಕವಾಗಿದ್ದುದನ್ನು ಕಂಡು ನೇತ್ರಚಿಕಿತ್ಸೆಯಲ್ಲಿಯೇ ತೊಡಗಿದರು. ಸಿಂಧ್ ಪ್ರಾಂತದ ಶಿಕಾರಪುರ ಅಂದು ಹೆಸರಾಂತ ವ್ಯಾಪಾರಕೇಂದ್ರ. ಅಲ್ಲಿನ ಹುಂಡಿಗಳು ಮಧ್ಯ ಏಷ್ಯಾದವರೆಗೆ ಸಲ್ಲುತ್ತಿದ್ದವು. ಆ ಊರಿನ ಸೇಠ್ ಹೀರಾನಂದರು ಹಾಲೆಂಡರನ್ನು ಆಹ್ವಾನಿಸಿ, ಚಳಿಗಾಲದಲ್ಲಿ ಕೆಲವು ವಾರಗಳ ಕಾಲ ತಮ್ಮ ಊರಿನಲ್ಲಿ ಕಣ್ಣಿನ ಶಿಬಿರ ನಡೆಸುವಂತೆ ಕೋರಿ, ಅದರ ವೆಚ್ಚವನ್ನು ವಹಿಸಿಕೊಂಡರು. ಚಿಕಿತ್ಸೆ ಮಾಡುವವರು ಕ್ರೈಸ್ತರು, ವೆಚ್ಚ ಹಿಂದೂ ವರ್ತಕರದು, ಬರುವ ರೋಗಿಗಳಲ್ಲಿ ಬಹುಮಂದಿ ಮುಸಲ್ಮಾನರು. ಒಂಟೆಗಳ ಮೇಲೆ, ಎತ್ತಿನ ಗಾಡಿಗಳಲ್ಲಿ, ಬಂಧುಗಳ ಹೆಗಲ ಮೇಲೆ ಜನರು ಬರುತ್ತಿದ್ದರು. ರೋಗಿಯ ಕುಟುಂಬವೇ ಪಕ್ಕದಲ್ಲಿ ಅಡಿಗೆ ಮಾಡಿ ಉಪಚರಿಸುತ್ತಿತ್ತು. 1935ರ ಭೂಕಂಪದಲ್ಲಿ ಕ್ವೆಟ್ಟಾದ ಆಸ್ಪತ್ರೆ ನೆಲಸಮವಾದಾಗ ಹಾಲೆಂಡರೂ ಅವಶೇಷಗಳಡಿ ಸಿಲುಕಿ, ಮಗನಿಂದಲೇ ಹೊರತೆಗೆಯಲ್ಪಟ್ಟರು. ಆಸ್ಪತ್ರೆಯನ್ನು ಮತ್ತೆ ಕಟ್ಟಲಾಯಿತು. ಶಿಕಾರಪುರದ ಶಿಬಿರ ದೇಶವಿಭಜನೆಯ ನಂತರವೂ ನಡೆಯಿತು. 1960ರಲ್ಲಿ ತಂದೆ ಹೆನ್ರಿ, ಮಗ ರೊನಾಲ್ಡ್ ಇಬ್ಬರಿಗೂ ಒಟ್ಟಾಗಿ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು.

ಈ ಶಿಬಿರಕ್ಕೆ ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳಿಂದ ಕಣ್ಣಿನ ವೈದ್ಯರು ತಮ್ಮ ಖರ್ಚಿನಲ್ಲಿ ಕೆಲವು ವಾರಗಳ ಮಟ್ಟಿಗೆ ಬರತೊಡಗಿದರು. ಪಂಜಾಬಿನ ಜಲಂಧರದಲ್ಲಿಯೂ ಇದೇ ನಡೆದಿತ್ತು. ಅಲ್ಲಿ ಸರ್ಕಾರಿ ವೈದ್ಯರಾಗಿದ್ದ ಕರ್ನಲ್ ಹೆನ್ರಿ ಸ್ಮಿತ್ ಪೊರೆಯನ್ನು ಅದರ ಕೋಶಸಹಿತವಾಗಿ ಹೊರತೆಗೆಯುವ ಕ್ರಮದಲ್ಲಿ ಪ್ರಸಿದ್ಧರಾಗಿದ್ದು, ಅದನ್ನು ಕಲಿಯಲು ಅಮೆರಿಕದ ವೈದ್ಯರು ಸಮುದ್ರ ದಾಟಿ ಬರುತ್ತಿದ್ದರು. ಇಲ್ಲಿ ಒಂದು ಸತ್ಯವನ್ನು ಗಮನಿಸಬೇಕು. ಹೀಗೆ ಬಂದವರು ಕೊಡುವವರಾಗಿದ್ದಂತೆ ಪಡೆಯುವವರೂ ಆಗಿದ್ದರು. ತಮ್ಮ ದೇಶದಲ್ಲಿ ದೀರ್ಘಕಾಲದಲ್ಲಿಯೂ ದೊರೆಯದಷ್ಟು ಅನುಭವ ಅವರಿಗೆ ಕೆಲವು ವಾರಗಳಲ್ಲಿ ದೊರೆಯುತ್ತಿತ್ತು. ಅವರ ಕೈ ಪಳಗಿದ್ದು ಸಿಂಧ್ ಮತ್ತು ಪಂಜಾಬಿನ ಬಡ ರೈತರ ಕಣ್ಣುಗಳ ಮೇಲೆ. ನಿಪುಣನಾದ ಗುರುವಿನ ಕಣ್ಣೆದುರಿನಲ್ಲಿ ನಡೆದ ಕಲಿಕೆಯನ್ನು ತಪ್ಪೆನ್ನಲಾಗದು. ಆದರೆ ದಾತೃ ಯಾರು, ಪಾತ್ರ ಯಾರು ಎಂಬ ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆದರೆ, ಆ ರೈತನ ಹೆಸರನ್ನೂ ದಾನಿಗಳ ಪಟ್ಟಿಯಲ್ಲಿ ಸೇರಿಸಬೇಕಾಗುತ್ತದೆ.

ದಪ್ಪ ಕನ್ನಡಕದ ಯುಗ

ಶಿಬಿರದ ಈ ಪದ್ಧತಿ ಸ್ವಾತಂತ್ರ್ಯಾನಂತರ ಭಾರತದಲ್ಲೆಲ್ಲ ಹರಡಿತು. ಕನ್ನಡಿಗರಿಗೆ ಇದರೊಡನೆ ಕೂಡಲೇ ನೆನಪಾಗುವ ಹೆಸರು ಬೀಳಗಿಯ ಡಾ. ಎಂ. ಸಿ. ಮೋದಿಯವರದು. 1916ರಲ್ಲಿ ಜನಿಸಿ 2005ರಲ್ಲಿ ನಿಧನರಾದ ಅವರು ಊರೂರು ಸಂಚರಿಸಿ ನಡೆಸಿದ ಶಸ್ತ್ರಚಿಕಿತ್ಸೆಗಳ ಸಂಖ್ಯೆ 6 ಲಕ್ಷವನ್ನು ಮೀರಿದುದೂ, ಒಂದೇ ದಿನ 833 ಚಿಕಿತ್ಸೆ ಮಾಡಿದುದೂ ಗಿನ್ನೆಸ್ ದಾಖಲೆಯಲ್ಲಿ ಸೇರಿವೆ. ಅವರ ಶಿಬಿರಗಳಿಗೆ ಸ್ಥಳೀಯ ವರ್ತಕರು, ಸಂಘಸಂಸ್ಥೆಗಳು ನೆರವು ನೀಡಿದವು. ಮೋದಿಯವರು ಈ ನೆಲದವರು. ರೋಗಿಯ ಭಾಷೆ ಅವರ ಭಾಷೆಯೇ ಆಗಿತ್ತು. ಕೊನೆಗೆ ಬೆಂಗಳೂರಿನಲ್ಲಿ ನೆಲೆಯಾದ ಆಸ್ಪತ್ರೆಯೂ ಅವರ ಹೆಸರಿನಲ್ಲಿ ನಿಂತಿತು.

ಆ ಕಾಲದ ಶಿಬಿರಗಳಿಗೆಲ್ಲ ಸಮಾನವಾದ ಒಂದು ಮಿತಿಯಿತ್ತು. ಪೊರೆಗಟ್ಟಿದ ಮಸೂರವನ್ನು ಪೂರ್ತಿಯಾಗಿ ತೆಗೆದುಹಾಕಿದ ಮೇಲೆ ಬೆಳಕನ್ನು ಸರಿಯಾಗಿ ಕೇಂದ್ರೀಕರಿಸುವಷ್ಟು ಶಕ್ತಿ ಕಣ್ಣಿನಲ್ಲಿ ಉಳಿಯುತ್ತಿರಲಿಲ್ಲ. ಆದುದರಿಂದ ರೋಗಿಯು ಸೀಸೆಯ ತಳದಂತೆ ದಪ್ಪವಾದ ಕನ್ನಡಕವನ್ನು ಬಾಳಿನುದ್ದಕ್ಕೂ ಧರಿಸಬೇಕಾಗಿತ್ತು. ಹೊಲದಲ್ಲಿ ಬಿದ್ದು ಆ ಕನ್ನಡಕ ಒಡೆದರೆ ಆತನು ಮತ್ತೆ ಕುರುಡನಂತೆಯೇ. ಶಿಬಿರದವರು ಹೊರಟುಹೋಗಿರುತ್ತಿದ್ದರು; ಅಂತಹ ಕನ್ನಡಕ ಹಳ್ಳಿಯ ಸಂತೆಯಲ್ಲಿ ದೊರೆಯುತ್ತಿರಲಿಲ್ಲ. ದಾಖಲೆಯಲ್ಲಿ ಒಂದು ಯಶಸ್ವೀ ಶಸ್ತ್ರಚಿಕಿತ್ಸೆ, ಮನೆಯಲ್ಲಿ ಒಬ್ಬ ಕುರುಡ. ಸಂಖ್ಯೆಯ ಲೆಕ್ಕ ಬೇರೆ, ದೃಷ್ಟಿಯ ಲೆಕ್ಕ ಬೇರೆ ಎಂಬುದನ್ನು ಲೋಕ ಅರಿಯಲು ಬಹುಕಾಲ ಹಿಡಿಯಿತು.

ಪರಿಹಾರ ಇಲ್ಲದಿರಲಿಲ್ಲ. ಲಂಡನ್ನಿನ ಹ್ಯಾರಲ್ಡ್ ರಿಡ್ಲಿಯವರು ಯುದ್ಧವಿಮಾನದ ಪೈಲಟ್‌ಗಳ ಕಣ್ಣಿಗೆ ಹೊಕ್ಕ ಪ್ಲಾಸ್ಟಿಕ್ ಚೂರುಗಳು ಕಣ್ಣನ್ನು ಕೆಡಿಸದೆ ಉಳಿದುದನ್ನು ಗಮನಿಸಿ, 1949ರಲ್ಲಿಯೇ ಮೊದಲ ಕೃತಕ ಮಸೂರವನ್ನು ಕಣ್ಣಿನೊಳಗೆ ಅಳವಡಿಸಿದ್ದರು. ಆದರೆ ದಶಕಗಳು ಕಳೆದರೂ ಅದು ಧನಿಕ ದೇಶಗಳ ಸೊತ್ತಾಗಿಯೇ ಉಳಿಯಿತು. ಒಂದು ಮಸೂರದ ಬೆಲೆ 100 ಡಾಲರಿಗೂ ಮಿಕ್ಕಿದ್ದು, ಬಡದೇಶಗಳ ಶಿಬಿರಗಳಿಗೆ ದಪ್ಪ ಕನ್ನಡಕವೇ ಸಾಕೆಂಬ ಅಭಿಪ್ರಾಯ ತಜ್ಞರಲ್ಲಿಯೂ ಇತ್ತು. ಬಡವನಿಗೆ ಎರಡನೆಯ ದರ್ಜೆಯ ದ್ರವ್ಯ ಸಾಕೆಂಬ ಭಾವನೆ ದಾನವನ್ನು ಹೇಗೆ ಕುಗ್ಗಿಸುತ್ತದೆಂಬುದಕ್ಕೆ ಇದು ನಿದರ್ಶನ.

ಹಾರುವ ಆಸ್ಪತ್ರೆ

1970ರ ದಶಕದಲ್ಲಿ ಅಮೆರಿಕದ ಡಾ. ಡೇವಿಡ್ ಪೇಟನ್ ಎಂಬುವರಿಗೆ ಹೊಸ ಯೋಚನೆಯೊಂದು ಹೊಳೆಯಿತು. ಬಡದೇಶಗಳ ವೈದ್ಯರು ತರಬೇತಿಗಾಗಿ ಅಮೆರಿಕಕ್ಕೆ ಬರುವುದು ದುಬಾರಿ. ಬಂದವರಿಗೂ ಅಲ್ಲಿ ಶಸ್ತ್ರ ಹಿಡಿಯಲು ಅನುಮತಿ ದೊರೆಯುತ್ತಿರಲಿಲ್ಲ. ಆದುದರಿಂದ ವಿದ್ಯಾಲಯವೇ ವಿದ್ಯಾರ್ಥಿಯ ಬಳಿಗೆ ಹೋಗಬೇಕು. ಹೀಗೆ ಹುಟ್ಟಿದ್ದು ಆರ್ಬಿಸ್ ಸಂಸ್ಥೆಯ ಹಾರುವ ನೇತ್ರಾಲಯ. ಯುನೈಟೆಡ್ ಏರ್‌ಲೈನ್ಸ್ ದಾನವಾಗಿ ನೀಡಿದ ಡಿಸಿ-8 ವಿಮಾನದೊಳಗೆ ಶಸ್ತ್ರಚಿಕಿತ್ಸಾ ಕೊಠಡಿಯನ್ನೂ ತರಗತಿಯನ್ನೂ ನಿರ್ಮಿಸಿ, 1982ರಲ್ಲಿ ಅದನ್ನು ಮೊದಲಬಾರಿಗೆ ಪನಾಮಾದೇಶಕ್ಕೆ ಕೊಂಡೊಯ್ಯಲಾಯಿತು. ಒಳಗೆ ಸ್ವಯಂಸೇವಕ ತಜ್ಞನು ಚಿಕಿತ್ಸೆ ಮಾಡುತ್ತಿದ್ದಂತೆ ಸ್ಥಳೀಯ ವೈದ್ಯರು ಟೆಲಿವಿಷನ್ ಪರದೆಯ ಮೇಲೆ ನೋಡುತ್ತ ಆತನೊಡನೆ ಪ್ರಶ್ನೋತ್ತರ ನಡೆಸಬಹುದಾಗಿತ್ತು. ಮುಂದೆ 1994ರಲ್ಲಿ ಡಿಸಿ-10 ವಿಮಾನವೂ, 2016ರಲ್ಲಿ ಎಂಡಿ-10 ವಿಮಾನವೂ ಅದರ ಸ್ಥಾನಕ್ಕೆ ಬಂದವು.

ಇಲ್ಲಿ ದಾನದ ದ್ರವ್ಯವೇ ಬದಲಾಯಿತು. ಔಷಧದಾನಕ್ಕಾಗಿ ಹೊರಟವರು ಶಾಸ್ತ್ರದಾನವನ್ನು, ಎಂದರೆ ಜ್ಞಾನದಾನವನ್ನು, ಮುಖ್ಯವಾಗಿ ಕೈಗೊಂಡರು. ಒಂದು ವಾರದಲ್ಲಿ ತಜ್ಞನೊಬ್ಬನು ತಾನೇ ನೂರು ಕಣ್ಣುಗಳಿಗೆ ಚಿಕಿತ್ಸೆ ಮಾಡಬಹುದು. ಅದೇ ವಾರದಲ್ಲಿ ಮೂವರು ಸ್ಥಳೀಯ ವೈದ್ಯರ ಕೈಯನ್ನು ತಿದ್ದಿದರೆ ಆ ಮೂವರು ಮುಂದಿನ ಮೂವತ್ತು ವರ್ಷ ಚಿಕಿತ್ಸೆ ಮಾಡುತ್ತಾರೆ. ಬಂಡವಾಳ ಮತ್ತು ಖರ್ಚುಗಳ ಭೇದವನ್ನು ಬಲ್ಲ ವರ್ತಕನಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ವಿಮಾನವೊಂದರಿಂದಲೇ ಕಾರ್ಯ ಮುಗಿಯದೆಂಬುದೂ ಅನುಭವದಿಂದ ತಿಳಿಯಿತು. ಹಾರಿಹೋದ ವಿಮಾನದ ಹಿಂದೆ ನಿರಂತರವಾದ ಸಂಪರ್ಕ ಉಳಿಯಬೇಕು. ಆ ಕಾರಣದಿಂದಲೇ ಆ ಸಂಸ್ಥೆ ಭಾರತ, ಬಾಂಗ್ಲಾದೇಶ, ಇಥಿಯೋಪಿಯಾ ಮೊದಲಾದೆಡೆ ಸ್ಥಾಯೀ ಕಚೇರಿಗಳನ್ನು ತೆರೆದು ಸ್ಥಳೀಯ ಆಸ್ಪತ್ರೆಗಳೊಡನೆ ವರ್ಷಾನುಗಟ್ಟಲೆ ದುಡಿಯುವ ಕ್ರಮಕ್ಕೆ ತಿರುಗಿತು.

ಪಡೆದವರು ಕೊಡುವವರಾದದ್ದು

ಈ ಇತಿಹಾಸದ ಅತ್ಯಂತ ಹೃದ್ಯವಾದ ಅಧ್ಯಾಯ ನೆರೆಯ ನೇಪಾಳದ್ದು. 1981ರ ಹೊತ್ತಿಗೆ ಪೂರ್ಣಗೊಂಡ ರಾಷ್ಟ್ರೀಯ ಸಮೀಕ್ಷೆಯಂತೆ ಅಲ್ಲಿನ ಜನಸಂಖ್ಯೆಯಲ್ಲಿ ಶೇಕಡಾ 0.84ರಷ್ಟು ಮಂದಿ ಎರಡೂ ಕಣ್ಣು ಕಾಣದವರಾಗಿದ್ದು, ಅವರಲ್ಲಿ ಬಹುಪಾಲು ಜನರ ಕುರುಡುತನಕ್ಕೆ ಪೊರೆಯೇ ಕಾರಣವಾಗಿತ್ತು. ವಿದೇಶದ ವೈದ್ಯರು ಬಂದು ಶಿಬಿರ ನಡೆಸಿ ಹೋಗುತ್ತಿದ್ದರು. ಅಂಥವರಲ್ಲಿ ಆಸ್ಟ್ರೇಲಿಯಾದ ಡಾ. ಫ್ರೆಡ್ ಹಾಲೋಸ್ ಒಬ್ಬರು. 1980ರ ದಶಕದ ನಡುವಿನಲ್ಲಿ ನೇಪಾಳಕ್ಕೆ ಬಂದ ಅವರಿಗೆ ಸಂದುಕ್ ರುಯಿತ್ ಎಂಬ ತರುಣ ವೈದ್ಯರ ಪರಿಚಯವಾಯಿತು. ಟಿಬೆಟಿನ ಗಡಿಯ ದುರ್ಗಮ ಹಳ್ಳಿಯಲ್ಲಿ ಹುಟ್ಟಿದ ರುಯಿತ್, ಔಷಧ ದೊರೆಯದೆ ತಂಗಿ ಕ್ಷಯರೋಗದಿಂದ ತೀರಿಕೊಂಡುದನ್ನು ಕಂಡು ವೈದ್ಯರಾಗುವ ಸಂಕಲ್ಪ ಮಾಡಿದವರು. ಭಾರತದಲ್ಲಿ ವೈದ್ಯಶಿಕ್ಷಣ ಪಡೆದವರು. ಹಾಲೋಸ್ ಅವರನ್ನು ಆಸ್ಟ್ರೇಲಿಯಾಕ್ಕೆ ಕರೆಸಿಕೊಂಡು ಕೃತಕ ಮಸೂರವನ್ನು ಅಳವಡಿಸುವ ಸೂಕ್ಷ್ಮ ಕ್ರಮವನ್ನು ಕಲಿಯಲು ನೆರವಾದರು. ಬಡವನ ಕಣ್ಣಿಗೂ ಧನಿಕನ ಕಣ್ಣಿಗೂ ಒಂದೇ ಬಗೆಯ ಚಿಕಿತ್ಸೆ ಸಲ್ಲಬೇಕೆಂಬುದು ಇಬ್ಬರ ನಿಲುವಾಗಿತ್ತು.

1993ರಲ್ಲಿ ಹಾಲೋಸ್ ಕ್ಯಾನ್ಸರಿನಿಂದ ನಿಧನರಾದರು. ಅವರು ಸ್ವತಃ ನೇಪಾಳದಲ್ಲಿ ಚಿಕಿತ್ಸೆ ಮಾಡಿದ ಕಣ್ಣುಗಳನ್ನು ಇಂದು ಯಾರೂ ಎಣಿಸುವುದಿಲ್ಲ. ಆದರೆ ಮರುವರ್ಷ, 1994ರಲ್ಲಿ, ಕಾಠ್ಮಂಡುವಿನಲ್ಲಿ ತಿಲಗಂಗಾ ನೇತ್ರಕೇಂದ್ರ ಆರಂಭವಾಯಿತು. ಅಲ್ಲಿಯೇ ಕೃತಕ ಮಸೂರದ ಕಾರ್ಖಾನೆಯೂ ನೆಲೆಗೊಂಡು, ನೂರಾರು ಡಾಲರಿನ ಮಸೂರ ಕೆಲವೇ ಡಾಲರುಗಳಿಗೆ ದೊರೆಯುವಂತಾಯಿತು. ಹೊಲಿಗೆಯಿಲ್ಲದೆ ಸಣ್ಣ ಸೀಳಿನ ಮೂಲಕ ಪೊರೆ ತೆಗೆದು ಮಸೂರವಿಡುವ ರುಯಿತ್ ಅವರ ಕ್ರಮವು ಫಲದಲ್ಲಿ ಬೆಲೆಬಾಳುವ ಯಂತ್ರಗಳ ಕ್ರಮಕ್ಕೆ ಸಮನಾದುದೆಂದೂ, ವೆಚ್ಚ ಮತ್ತು ವೇಳೆಯಲ್ಲಿ ಕಡಿಮೆಯೆಂದೂ 2007ರಲ್ಲಿ ಪ್ರಕಟವಾದ ತುಲನಾತ್ಮಕ ಅಧ್ಯಯನ ತೋರಿಸಿತು. ಅಮೆರಿಕದ ಡಾ. ಜೆಫ್ರಿ ಟ್ಯಾಬಿನ್ ಕಾಠ್ಮಂಡುವಿಗೆ ಬಂದು ರುಯಿತ್ ಅವರಿಂದ ಕಲಿತು, 1995ರಲ್ಲಿ ಅವರೊಡನೆ ಹಿಮಾಲಯದ ಪೊರೆ ನಿವಾರಣಾ ಯೋಜನೆಯನ್ನು ಆರಂಭಿಸಿದರು.

ಈ ಶತಮಾನದ ಮೊದಲ ದಶಕದಲ್ಲಿ ರುಯಿತ್ ತಮ್ಮ ತಂಡದೊಡನೆ ಉತ್ತರ ಕೊರಿಯಾ ದೇಶಕ್ಕೆ ಹೋಗಿ ಸುಮಾರು 10 ದಿನಗಳಲ್ಲಿ 1,000 ಮಂದಿಗೆ ಚಿಕಿತ್ಸೆ ಮಾಡಿದರು. ಒಮ್ಮೆ ಶಿಬಿರಗಳಿಗಾಗಿ ಪರದೇಶೀಯರ ದಾರಿ ಕಾಯುತ್ತಿದ್ದ ನಾಡಿನ ವೈದ್ಯನೇ ಈಗ ಪರದೇಶಕ್ಕೆ ಹೋದ ದಾನಿ. ಆ ಶಿಬಿರದ ಕೊನೆಯಲ್ಲಿ ನಡೆದ ಪ್ರಸಂಗ ಸಾಕ್ಷ್ಯಚಿತ್ರದಲ್ಲಿ ದಾಖಲಾಗಿದೆ. ಕಟ್ಟು ಬಿಚ್ಚಿಸಿಕೊಂಡು ದೃಷ್ಟಿ ಪಡೆದವರು ಒಬ್ಬೊಬ್ಬರಾಗಿ ಎದ್ದು, ವೈದ್ಯನ ಕಡೆಗೆ ತಿರುಗದೆ, ಗೋಡೆಯ ಮೇಲಿದ್ದ ತಮ್ಮ ದೇಶದ ಆಳರಸರ ಚಿತ್ರಗಳ ಮುಂದೆ ಬಾಗಿ ಕೃತಜ್ಞತೆ ಸಲ್ಲಿಸಿದರು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ದಾತೃವಿನ ಏಳು ಗುಣಗಳನ್ನು ಎಣಿಸುವಾಗ, ಐಹಿಕ ಫಲದ ಅಪೇಕ್ಷೆ ಇಲ್ಲದಿರುವುದನ್ನು ಮೊದಲನೆಯದಾಗಿಯೂ, ನಿರಹಂಕಾರವನ್ನು ಕೊನೆಯದಾಗಿಯೂ ಹೇಳಿದ್ದಾರೆ. ಆ ಗುಣಗಳ ಪರೀಕ್ಷೆಗೆ ಇದಕ್ಕಿಂತ ಕಠಿನವಾದ ಸನ್ನಿವೇಶವನ್ನು ಊಹಿಸುವುದು ಕಷ್ಟ.

ನಮ್ಮ ದೇಶದ ಅನುಭವವೂ ಇದಕ್ಕೆ ಪೋಷಕವಾಗಿದೆ. ಡಾ. ಜಿ. ವೆಂಕಟಸ್ವಾಮಿಯವರು ಸರ್ಕಾರಿ ಸೇವೆಯಿಂದ ನಿವೃತ್ತರಾಗಿ, ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಿಂದಲೇ 1976ರಲ್ಲಿ ಮಧುರೆಯಲ್ಲಿ 11 ಹಾಸಿಗೆಗಳ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ತೆರೆದರು. ಹಳ್ಳಿಯಲ್ಲಿ ಶಿಬಿರ ಮಾಡಿ ರೋಗಿಗಳನ್ನು ಗುರುತಿಸುವುದು, ಶಸ್ತ್ರಚಿಕಿತ್ಸೆಯನ್ನು ಮಾತ್ರ ಆಸ್ಪತ್ರೆಗೆ ಕರೆತಂದು ಮಾಡುವುದು ಅವರ ಕ್ರಮವಾಯಿತು. ವಿದೇಶದ ಸೇವಾ ಫೌಂಡೇಶನ್ನಿನ ಸ್ನೇಹಿತರು ಬಂದು ಮಾಡಿದ ದೊಡ್ಡ ಉಪಕಾರವೆಂದರೆ ಮಸೂರ ತಯಾರಿಕೆಯ ತಂತ್ರವನ್ನು ತಂದುಕೊಟ್ಟದ್ದು. 1992ರಲ್ಲಿ ಅರೋಲ್ಯಾಬ್ ಕಾರ್ಖಾನೆ ಆರಂಭವಾಗಿ, ಅಲ್ಲಿನ ಮಸೂರಗಳು ಇಂದು ಅನೇಕ ದೇಶಗಳಿಗೆ ಹೋಗುತ್ತಿವೆ. ಬೇರೆ ದೇಶಗಳ ವೈದ್ಯರೂ ಆಸ್ಪತ್ರೆಯ ಆಡಳಿತಗಾರರೂ ಕಲಿಯಲು ಮಧುರೆಗೆ ಬರುತ್ತಾರೆ.

ಕಣ್ಣಿನ ವಿಷಯವಲ್ಲದಿದ್ದರೂ ಜೈನಸಮಾಜ ಹೆಮ್ಮೆಪಡಬಹುದಾದ ಸಂಸ್ಥೆಯೊಂದನ್ನು ಇಲ್ಲಿ ನೆನೆಯಬೇಕು. ಭಗವಾನ್ ಮಹಾವೀರರ 2500ನೆಯ ನಿರ್ವಾಣೋತ್ಸವದ ಕಾಲದಲ್ಲಿ, 1975ರಲ್ಲಿ, ಡಿ. ಆರ್. ಮೆಹತಾ ಅವರು ಜಯಪುರದಲ್ಲಿ ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯು, ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ. ಕೆ. ಸೇಠಿಯವರು ರೂಪಿಸಿದ ಜಯಪುರ ಪಾದವನ್ನು ಉಚಿತವಾಗಿ ನೀಡುತ್ತ ಬಂದಿದೆ. ಬರಿಗಾಲಿನಲ್ಲಿ ನಡೆಯಲೂ ನೆಲದ ಮೇಲೆ ಕುಳಿತುಕೊಳ್ಳಲೂ ಅನುಕೂಲವಾದ ಈ ಕಾಲನ್ನು ಹೊತ್ತು ಸಮಿತಿಯ ಕರ್ಮಿಗಳು ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ಹಲವು ದೇಶಗಳಲ್ಲಿ ಶಿಬಿರ ನಡೆಸಿದ್ದಾರೆ. ಕೆಲವೆಡೆ ಸ್ಥಳೀಯರಿಗೆ ಕಲಿಸಿ ಕಾರ್ಯಾಗಾರಗಳನ್ನೂ ನೆಲೆಗೊಳಿಸಿದ್ದಾರೆ. ಶಿಬಿರ ಮುಗಿದ ಮೇಲೆ ಸವೆದ ಕಾಲನ್ನು ಸರಿಪಡಿಸುವವನು ಅಲ್ಲಿಯೇ ಇರಬೇಕಾದುದು ಎಷ್ಟು ಅಗತ್ಯವೆಂಬುದು ಇಂತಹ ಸೇವೆಯಲ್ಲಿ ಸ್ವತಃಸಿದ್ಧ.

ಟ್ರಸ್ಟುಗಳು ಕೇಳಬೇಕಾದ ಪ್ರಶ್ನೆಗಳು

ಪರದೇಶದ ನೇತ್ರಶಿಬಿರಕ್ಕೆ ಸಹಾಯ ಕೋರಿ ಮನವಿ ಬಂದಾಗ ನಮ್ಮ ಟ್ರಸ್ಟುಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಎಷ್ಟು ಶಸ್ತ್ರಚಿಕಿತ್ಸೆ ಮಾಡುತ್ತೀರಿ? ಮೇಲಿನ ಇತಿಹಾಸವನ್ನು ಓದಿದವರಿಗೆ ಈ ಪ್ರಶ್ನೆ ಅಪೂರ್ಣವೆಂದು ತೋರದಿರದು. ಉಮಾಸ್ವಾಮಿಗಳ ನಾಲ್ಕು ಅಂಶಗಳನ್ನೇ ನಾಲ್ಕು ಪ್ರಶ್ನೆಗಳಾಗಿ ಮಾಡಿಕೊಳ್ಳಬಹುದು.

ವಿಧಿಯ ವಿಷಯದಲ್ಲಿ: ಚಿಕಿತ್ಸೆ ಎಲ್ಲಿ ನಡೆಯುತ್ತದೆ? ಶುದ್ಧೀಕರಣದ ವ್ಯವಸ್ಥೆಯುಳ್ಳ ಆಸ್ಪತ್ರೆಯಲ್ಲಿಯೋ, ಅಥವಾ ಒಂದು ವಾರದ ಮಟ್ಟಿಗೆ ಬಾಡಿಗೆಗೆ ಪಡೆದ ಕೊಠಡಿಯಲ್ಲಿಯೋ? ತಂಡ ಹಿಂದಿರುಗಿದ ಮೇಲೆ ರೋಗಿಯನ್ನು ನೋಡುವ ಸ್ಥಳೀಯ ವೈದ್ಯರು ಯಾರು? ಪೊರೆಯ ಶಸ್ತ್ರಚಿಕಿತ್ಸೆಯ ನಂತರದ ಸೋಂಕು ಕೆಲವೇ ದಿನಗಳಲ್ಲಿ ಕಣ್ಣನ್ನು ಶಾಶ್ವತವಾಗಿ ನಾಶಮಾಡಬಲ್ಲದು. ಪೊರೆಯಿಂದ ಕುರುಡಾದ ಕಣ್ಣಿಗೆ ಮರಳಿ ನೋಡುವ ಆಶೆಯಿದೆ. ಸೋಂಕಿನಿಂದ ನಾಶವಾದ ಕಣ್ಣಿಗೆ ಆ ಆಶೆಯೂ ಇಲ್ಲ.

ದ್ರವ್ಯದ ವಿಷಯದಲ್ಲಿ: ಕೊಡುವ ಮಸೂರ, ಔಷಧಗಳು ತಮ್ಮ ಮನೆಯವರ ಕಣ್ಣಿಗೆ ಒಪ್ಪುವಂಥವೇ? ವಾಯಿದೆ ಮುಗಿಯುತ್ತಿರುವ ಸರಕನ್ನು ಖಾಲಿಮಾಡುವ ದಾರಿ ದಾನವಾಗಲಾರದು. ತಂಡದ ವಿಮಾನ ಪ್ರಯಾಣಕ್ಕೆ ಎಷ್ಟು, ಅಲ್ಲಿ ಉಳಿಯುವ ಉಪಕರಣ ಮತ್ತು ತರಬೇತಿಗೆ ಎಷ್ಟು ಎಂಬ ಎರಡು ಅಂಕಣಗಳನ್ನು ಬೇರೆಬೇರೆಯಾಗಿ ಬರೆದುಕೊಡಲು ಹೇಳುವುದರಲ್ಲಿ ಸಂಕೋಚ ಬೇಡ.

ದಾತೃವಿನ ವಿಷಯದಲ್ಲಿ: ಹೋಗುವ ವೈದ್ಯನು ಆ ಚಿಕಿತ್ಸೆಯಲ್ಲಿ ನುರಿತವನೇ? ಆ ದೇಶದಲ್ಲಿ ಚಿಕಿತ್ಸೆ ಮಾಡಲು ಅನುಮತಿ ಪಡೆದಿರುವನೇ? ತನ್ನ ದೇಶದಲ್ಲಿ ಒಬ್ಬನೇ ಮಾಡಲು ಅರ್ಹನಲ್ಲದ ಚಿಕಿತ್ಸೆಯನ್ನು ಪರದೇಶದ ಬಡವನ ಕಣ್ಣಿನ ಮೇಲೆ ಮಾಡುವುದು ಪ್ರಮಾದ. ಅದಕ್ಕೆ ಹಣ ಕೊಟ್ಟವನು ಅದರ ಅನುಮೋದಕ. ಕೃತ, ಕಾರಿತ, ಅನುಮೋದಿತ ಈ ಮೂರರಿಂದಲೂ ಕರ್ಮಬಂಧವೆಂದು ನಂಬುವ ನಮಗೆ ಇದು ಸಣ್ಣ ಮಾತಲ್ಲ.

ಪಾತ್ರದ ವಿಷಯದಲ್ಲಿ: ರೋಗಿಗೆ ಆತನ ಭಾಷೆಯಲ್ಲಿ ವಿಷಯ ತಿಳಿಸಿ ಒಪ್ಪಿಗೆ ಪಡೆಯಲಾಗುವುದೇ? ಬೇಡವೆನ್ನುವ ಸ್ವಾತಂತ್ರ್ಯ ಆತನಿಗಿದೆಯೇ? ಆ ಊರಿನ ವೈದ್ಯರೂ ಇಂತಹ ದಾನಕ್ಕೆ ಪಾತ್ರರೇ. ಪರದೇಶದ ಉಚಿತ ಶಿಬಿರ ವರ್ಷಕ್ಕೊಮ್ಮೆ ಬರುವುದೆಂದು ರೋಗಿಗಳು ಕಾದು ಕುಳಿತು, ಸ್ಥಳೀಯ ಆಸ್ಪತ್ರೆ ಬಡವಾಗುವಂತಿದ್ದರೆ ಆ ದಾನ ತಾನು ನಿಂತ ಕೊಂಬೆಯನ್ನೇ ಕಡಿದಂತಾಗುತ್ತದೆ.

ಫಲದ ಅಳತೆಗೂ ಒಂದು ನಿಯಮವಿದೆ. ಚಿಕಿತ್ಸೆಗೊಂಡ ಕಣ್ಣುಗಳಲ್ಲಿ ಶೇಕಡಾ 80ಕ್ಕಾದರೂ ಉತ್ತಮ ದೃಷ್ಟಿ ಬರಬೇಕೆಂದೂ, ಕೆಟ್ಟ ಫಲಿತಾಂಶ ಶೇಕಡಾ 5ನ್ನು ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ ಮಾರ್ಗಸೂಚಿ ನೀಡಿದೆ. ಶಿಬಿರ ಮುಗಿದ ಒಂದೆರಡು ತಿಂಗಳ ನಂತರ ಎಷ್ಟು ಮಂದಿಗೆ ನಿಜವಾಗಿ ಕಾಣುತ್ತಿದೆ ಎಂಬ ವರದಿಯನ್ನು ಕೇಳಿ, ಅದು ಬಂದ ಮೇಲೆಯೇ ಮುಂದಿನ ವರ್ಷದ ಕಂತನ್ನು ನೀಡುವ ಪದ್ಧತಿಯನ್ನು ಟ್ರಸ್ಟುಗಳು ಇಟ್ಟುಕೊಂಡರೆ ಅನೇಕ ಕಣ್ಣುಗಳು ಉಳಿಯುತ್ತವೆ.

ಪರದೇಶಕ್ಕೆ ಹೋಗಿ ಸೇವೆ ಮಾಡುವ ವೈದ್ಯರ ತ್ಯಾಗವನ್ನು ಯಾರೂ ಅಲ್ಲಗಳೆಯಲಾರರು. ತಮ್ಮ ಸಂಪಾದನೆಯ ದಿನಗಳನ್ನು ಬಿಟ್ಟು, ತಮ್ಮವರಲ್ಲದವರಿಗಾಗಿ ದುಡಿಯುವವರು ವಂದನಾರ್ಹರು. ಅವರ ತ್ಯಾಗ ವ್ಯರ್ಥವಾಗದಂತೆ ನೋಡಿಕೊಳ್ಳುವುದು ಹಣ ಕೊಡುವವರ ಹೊಣೆ. ಕ್ಯಾಂಟನ್ನಿನಲ್ಲಿ ಉಳಿದದ್ದು ಆಸ್ಪತ್ರೆ, ಕಾಠ್ಮಂಡುವಿನಲ್ಲಿ ಉಳಿದದ್ದು ರುಯಿತ್ ಮತ್ತು ಅವರ ಶಿಷ್ಯರು, ಮಧುರೆಯಲ್ಲಿ ಉಳಿದದ್ದು ಮಸೂರದ ಕಾರ್ಖಾನೆ. ಬಂದವರು ಹೊರಟುಹೋದ ಮೇಲೂ ಅಲ್ಲೆಲ್ಲ ಕಣ್ಣುಗಳು ತೆರೆಯುತ್ತಲೇ ಇವೆ. ನಮ್ಮ ಬಸದಿಗಳ ಟ್ರಸ್ಟುಗಳು ಮುಂದಿನ ಮಹಾವೀರ ಜಯಂತಿಗೆ ನೇತ್ರಸೇವೆಯ ಸಂಕಲ್ಪ ಮಾಡುವಾಗ, ನೂರು ಶಸ್ತ್ರಚಿಕಿತ್ಸೆಗಳ ವೆಚ್ಚದ ಜೊತೆಗೆ ಒಬ್ಬ ಸ್ಥಳೀಯ ವೈದ್ಯನ ಅಥವಾ ದಾದಿಯ ಒಂದು ವರ್ಷದ ತರಬೇತಿಯ ವೆಚ್ಚವನ್ನೂ ಸೇರಿಸಿದರೆ, ಔಷಧದಾನವೂ ಶಾಸ್ತ್ರದಾನವೂ ಒಟ್ಟಿಗೆ ನೆರವೇರಿದಂತಾಗುತ್ತದೆ.